ಕುಡಿಯುವ ಬಟ್ಟಲು

ಬೀದರಿನ ಚೌಬಾರಾದ ಹಿಂದಿನ ಓಣಿಯಲ್ಲಿ
ಖಾಲಾ ಜೈತೂನಬಿಯ ಹೊಸ್ತಿಲಿಗೆ
ಕಟುಕರ ಲಾಡ್ಲೆಸಾಬ ವಾರಕ್ಕೊಂದು ಚೀಲ ತಂದು ಹಾಕುತ್ತಿದ್ದ:
ಕುರಿಯ ಮುಂಗಾಲು, ಟಗರಿನ ನೊಸಲು.
ಕೊಂಬು ಬೇಡ, ಹಲ್ಲು ಬೇಡ.
"ನೊಸಲಿನ ಎಲುಬೇ ನುಣ್ಣಗ," ಎನ್ನುತ್ತಿದ್ದಳು,
"ಜೀವ ಇದ್ದಾಗ ಗುದ್ದಿದ್ದೂ ಅದರಿಂದಲೇ."

ಮೊದಲು ಕುದಿಸು. ಜಿಡ್ಡು ಉಳಿದರೆ ಬಟ್ಟಲು ಬಿರಿಯುತ್ತದೆ.
ಆಮೇಲೆ ಸುಡು.
ಮೊದಲ ಬೆಂಕಿಗೆ ಎಲುಬು ಕರ್ರಗಾಗುತ್ತದೆ,
ಅಲ್ಲಿಗೇ ಸಾಕೆಂದರೆ ನನ್ನ ತಲೆಗೊಂದು ಬೀಳುತ್ತಿತ್ತು.
ಒಡೆದು ಮತ್ತೆ ಸುಡು,
ಉಗುರಲ್ಲಿ ಗೀರಿದರೆ ಒಳಗೂ ಬಿಳಿ ಕಾಣುವತನಕ.
ಎದುರು ಮನೆಯ ಕಿಟಕಿ ಧಡಾರನೆ ಮುಚ್ಚುತ್ತಿತ್ತು.

ಬೀಸಿ, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ತೊಳೆದು, ಒಣಗಿಸಿ,
ಬೆಲ್ಲದ ನೀರು ಚಿಮುಕಿಸಿ ಹಿಡಿದರೆ
ಮುಷ್ಟಿಯ ಗುರುತು ನಿಲ್ಲಬೇಕು, ಅಂಗೈಗೆ ಅಂಟಬಾರದು.
ಹಿತ್ತಾಳೆಯ ಅಚ್ಚು, ಮರದ ಕೊಡತಿ, ಒಂದೇ ಏಟು.
ಎರಡನೆಯದು ಬಿದ್ದರೆ ಪದರ ಏಳುತ್ತದೆ.
ನೆರಳಲ್ಲಿ ಎರಡು ತಿಂಗಳು.
ಯಾರೂ ಅದರಲ್ಲಿ ಕುಡಿಯುವುದಿಲ್ಲ,
ಕುಡಿಯುವುದು ಅದೇ.

ಬಿದರಿ ಕೆಲಸದವರು ಕೋಟೆಯ ಮಣ್ಣು ತರುತ್ತಾರೆ,
ಮಳೆ ಬಿಸಿಲು ತಾಗದ ಮೂಲೆಯದು, ನಾಲಿಗೆಗೆ ಹಚ್ಚಿ ನೋಡಿ.
ಅದು ಕಪ್ಪು ಮಾಡುವ ಮಣ್ಣು, ಅದಕ್ಕೆ ಹೆಸರಿದೆ.
ನಾವು ಅವರು ಕೂತೆದ್ದ ಗೋಣಿ ಜಾಡಿಸುವವರು,
ಅರದ ಪುಡಿಯಲ್ಲಿ, ಉಗುರಷ್ಟು ತಂತಿಯಲ್ಲಿ
ಬೆಳ್ಳಿ ಹುಡುಕುವವರು.
ಬೆಳ್ಳಿಯನ್ನು ಕೂಡಿಸಿ ತರಲು ಸೀಸ ಬೇಕು,
ಸೀಸದಿಂದ ಬಿಡಿಸಲು ಈ ಬಟ್ಟಲು.

ಹುಮನಾಬಾದದ ಕಡೆಯಿಂದ ಒಬ್ಬಾಕೆ ಬಂದಳು, ಗುರುಸಿದ್ದಮ್ಮ.
ಸೆರಗಿನ ಗಂಟಿನಲ್ಲಿ ಬೆಳ್ಳಿಯ ಕರಡಿಗೆ, ಖಾಲಿ.
ಲಿಂಗ, ಗಂಡನ ಅಂಗೈಯೊಳಗೆ ಮಣ್ಣಿಗೆ ಹೋಗಿತ್ತು.
ಇದರಲ್ಲಿ ಅರ್ಧ ತಾಮ್ರ ಅಂದನಂತೆ ಸರಾಫ.
"ಮಾರಾಂಗಿಲ್ಲ ನಾ. ನಲವತ್ತು ವರ್ಷ
ಸುಳ್ಳು ಕೊರಳಾಗ ಹಾಕ್ಕೊಂಡು ತಿರಗ್ಯಾರೇನು ಅವರು,
ಅಷ್ಟು ಹೇಳ್ರಿ."

ನಾಲ್ಕು ಗುಲಗಂಜಿ ತೂಕ ಕೆತ್ತಿದಳು ಖಾಲಾ,
ಸೀಸದ ಹಾಳೆಯಲ್ಲಿ ಸುತ್ತಿ
ಕೆಂಡದ ನಡುವೆ ಕೆಂಪಗೆ ಕಾದ ಬಟ್ಟಲಿಗೆ ಬಿಟ್ಟಳು.
"ಇದು ಯಾತರದ್ದು?"
"ಎಲುಬಿಂದು, ಅವ್ವ. ಕುರೀದು."
ನನ್ನ ಕೈಯ ಊದುಗೊಳವೆ ನಿಂತಿತು.
ಆಕೆಯ ಹಣೆಯ ವಿಭೂತಿ ಬೆವರಿಗೆ ಸೀಳಿತ್ತು.
ಬಹಳ ಹೊತ್ತು ಬಟ್ಟಲನ್ನೇ ನೋಡಿ ಅಂದಳು:
"ಎರಡು ವರ್ಷ ಆತು.
ಅವರೂ ಒಳಗ ಹಿಂಗೇ ಬೆಳ್ಳಗ ಆಗಿರಬೇಕು."

ಸೀಸ ಕರಗಿತು. ಮೇಲೆ ಎಣ್ಣೆಯಂಥ ಬಣ್ಣಗಳು ಓಡಿದವು,
ನವಿಲುಗರಿ, ಈರುಳ್ಳಿ ಸಿಪ್ಪೆ,
ಒಂದನ್ನೊಂದು ತಳ್ಳುತ್ತ, ತೆಳ್ಳಗಾಗುತ್ತ,
ಬಟ್ಟಲು ಸದ್ದಿಲ್ಲದೆ ಕುಡಿಯುತ್ತ.
ಕಡೆಗೆ ಒಂದು ಹನಿ
ರೆಪ್ಪೆ ಬಡಿದಷ್ಟು ಹೊತ್ತು ಮಿಂಚಿ ನಿಂತಿತು.

ತಕ್ಕಡಿಯಲ್ಲಿ ಮೂರೂವರೆ ಗುಲಗಂಜಿ.
"ಅರ್ಧದಷ್ಟು ತಾಮ್ರ ಅಂದವನ ಬಾಯಿಗೆ ಬೂದಿ.
ಹೋದ ಅರ್ಧ ಗುಲಗಂಜಿ ಬೆಸುಗೀದು," ಎಂದಳು ಖಾಲಾ.
ಎಲುಬೆಂದು ಮರೆಮಾಚದೆ ಹೇಳಿದ ಬಾಯಿ ಅದು.
ಬೆಸುಗೆಯಿಂದ ಎರಡು ಬೆರಳು ದೂರ ಕೆತ್ತಿದ್ದು
ನಾನು ನೋಡಿದ್ದೆ.

ಸೀಸ ಕುಡಿದ ಬಟ್ಟಲು ಹಳದಿಗಟ್ಟಿ ಎರಡರಷ್ಟು ಭಾರ.
ಕೋಳಿಗಳಿಗೆ ಸಿಗದ ಹಾಗೆ ಅಟ್ಟಕ್ಕೆ ಇಟ್ಟು ಬಂದೆ.
ಇಳಿದಾಗ ಖಾಲಾ
ಜರಡಿಯಲ್ಲಿ ಉಳಿದ ನೊಸಲಿನ ಬೂದಿ ಚಿಟಿಕೆ ತೆಗೆದು
ಕೆತ್ತಿದ ಜಾಗವನ್ನು ಹೆಬ್ಬೆರಳಿಂದ ಉಜ್ಜುತ್ತಿದ್ದಳು.
ಗುರುಸಿದ್ದಮ್ಮ ತಾನೂ ಒಂದು ಚಿಟಿಕೆ ತೆಗೆದುಕೊಂಡಳು.
ಇಬ್ಬರೂ ಉಜ್ಜಿದರು.
ಗುರುತು ಹೋಗಲಿಲ್ಲ,
ಉಳಿದ ಬೆಳ್ಳಿಗಿಂತ ಹೆಚ್ಚು ಹೊಳೆಯಿತು.